ಅಳತೆಯ ಟೇಪು ಯಾರ ಕೈಯಲ್ಲಿರಬೇಕು?

ಸೀರೆ ಕೊಳ್ಳುವಾಗ ಹೆಗಲ ಮೇಲೆ ಹೊದ್ದು ಕನ್ನಡಿ ನೋಡುತ್ತೇವೆ. ಚಪ್ಪಲಿ ಕೊಳ್ಳುವಾಗ ಮೆಟ್ಟಿ ನಾಲ್ಕು ಹೆಜ್ಜೆ ನಡೆದು ನೋಡುತ್ತೇವೆ. ಬದನೆಕಾಯಿಯನ್ನು ಕೂಡ ಒತ್ತಿ ನೋಡದೆ ಚೀಲಕ್ಕೆ ಹಾಕಿಕೊಳ್ಳುವವರಲ್ಲ ನಾವು. ಆದರೆ ಬೆಳಗಿನಿಂದ ರಾತ್ರಿಯವರೆಗೆ ಚರ್ಮಕ್ಕೆ ಅಂಟಿಕೊಂಡಿರುವ ಒಳಉಡುಪನ್ನು ಮಾತ್ರ, ಡಬ್ಬಿಯ ಮೇಲೆ ಅಚ್ಚಾದ ಅಂಕಿಯನ್ನು ನಂಬಿ, ತಲೆ ತಗ್ಗಿಸಿ, ಆದಷ್ಟು ಬೇಗ ಹಣ ಕೊಟ್ಟು ಮನೆಗೆ ತರುತ್ತೇವೆ. ತೊಟ್ಟು ನೋಡುವಂತಿಲ್ಲ, ಕೊಂಡ ಮೇಲೆ ಹಿಂದಕ್ಕೆ ಕೊಡುವಂತಿಲ್ಲ. ಆರೋಗ್ಯದ ದೃಷ್ಟಿಯಿಂದ ಆ ನಿಯಮ ಸರಿಯೇ ಇರಬಹುದು. ಆದರೆ ಮನೆಗೆ ಬಂದ ಮೇಲೆ ಅದು ಭುಜ ಕೊರೆದರೆ, ಪಕ್ಕೆ ಬಿಗಿದರೆ, ತೊಡೆಸಂದು ಉಜ್ಜಿದರೆ ನಾವು ಬೈಯುವುದು ಯಾರನ್ನು? ನಮ್ಮ ಮೈಯನ್ನು! "ನನ್ನ ಮೈಕಟ್ಟೇ ಸರಿಯಿಲ್ಲ" ಎಂದು ನಿಟ್ಟುಸಿರು ಬಿಡುತ್ತೇವೆಯೇ ಹೊರತು, "ಈ ಬಟ್ಟೆ ಸರಿಯಿಲ್ಲ" ಎನ್ನುವ ಧೈರ್ಯ ಇನ್ನೂ ನಮಗೆ ಬಂದಿಲ್ಲ.

ಆ ಧೈರ್ಯ ಬರಬೇಕಾದರೆ ಅಳತೆಯ ಟೇಪೂ ಕತ್ತರಿಯೂ ನಮ್ಮ ಕೈಗೆ ಬರಬೇಕು ಎಂಬುದು ನಮ್ಮ ವಾದ. ನಮ್ಮ ಹೆಣ್ಣುಮಕ್ಕಳು ತಮ್ಮ ಒಳಉಡುಪನ್ನೂ ಈಜುಡುಪನ್ನೂ ತಾವೇ ಅಳೆದು, ಕತ್ತರಿಸಿ, ಹೊಲಿದುಕೊಳ್ಳುವುದನ್ನು ಕಲಿಯಬೇಕು. ಅದನ್ನು ಕಲಿಸುವ ಹೊಣೆಯನ್ನು ನಮ್ಮ ಸಂಘ ಹೊರಬೇಕು. "ಹಪ್ಪಳ ಸಂಡಿಗೆ, ರಂಗೋಲಿ, ದೇವರನಾಮಗಳಿಗೆ ಮೀಸಲಾದ ಪುಟಗಳಲ್ಲಿ ಇದೆಂಥ ವಿಷಯ?" ಎಂದು ಹುಬ್ಬೇರಿಸುವ ಹಿರಿಯರಿದ್ದಾರೆ, ನಮಗೆ ಗೊತ್ತು. ಅವರಲ್ಲಿ ಒಂದೇ ವಿನಂತಿ: ಕೊನೆಯವರೆಗೆ ಓದಿ, ಆಮೇಲೆ ಹುಬ್ಬು ಎಲ್ಲಿರಬೇಕೋ ಅಲ್ಲಿಡಿ.

ಮೊದಲನೆಯದಾಗಿ, ಇದು ಪರದೇಶದಿಂದ ಬಂದ ಹುಚ್ಚಲ್ಲ. ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣವನ್ನು ನಮ್ಮಲ್ಲಿ ಅನೇಕರು ಬಲ್ಲರು. ಆ ಖಣದಿಂದ ಉತ್ತರ ಕರ್ನಾಟಕದ ಅಜ್ಜಿಯರು ತೊಡುತ್ತಿದ್ದ ಗಂಟಿನ ಕುಪ್ಪಸವನ್ನು ನೆನೆಯಿರಿ. ಕಂಕುಳಲ್ಲಿ ಒಂದು ತುಂಡು ಸೇರಿಸಿ ಕೈಯೆತ್ತಲು ಸಲೀಸು ಮಾಡುತ್ತಿದ್ದರು. ಎದೆಯ ಕೆಳಗೆ ಗಂಟು ಹಾಕಿಕೊಳ್ಳುತ್ತಿದ್ದರು. ಬಸಿರಾದಾಗ ಗಂಟು ಸಡಿಲವಾಗುತ್ತಿತ್ತು, ಮಗುವಿಗೆ ಹಾಲೂಡಿಸುವಾಗ ಬಿಚ್ಚುತ್ತಿತ್ತು, ಮುಪ್ಪಿನಲ್ಲಿ ಬಿಗಿಯಾಗುತ್ತಿತ್ತು. ಮೈ ಬದಲಾದಂತೆ ಬಟ್ಟೆಯೂ ಬದಲಾಗಬೇಕೆಂಬ ವಿವೇಕ ಆ ಗಂಟಿನಲ್ಲಿತ್ತು. ಈಗ ಅಂಗಡಿಯ ಅಂಕಿಗೆ ತಕ್ಕಂತೆ ಮೈಯೇ ಬದಲಾಗಬೇಕೆಂದು ಕಾಯುತ್ತಿದ್ದೇವೆ.

ಇಂದಿನ ಬ್ರಾ, ನಮ್ಮ ತಾಯಂದಿರ ಬಾಯಲ್ಲಿ ‘ಬಾಡಿ’, ಅದು ಕೂಡ ಹುಟ್ಟಿದ್ದು ಕಾರ್ಖಾನೆಯಲ್ಲಲ್ಲ. ಅಮೆರಿಕದ ಮೇರಿ ಫೆಲ್ಪ್ಸ್ ಜೇಕಬ್ ಎಂಬ ತರುಣಿ ತನ್ನ ಕೆಲಸದಾಕೆಯ ನೆರವಿನಿಂದ ಎರಡು ಕರವಸ್ತ್ರಗಳನ್ನೂ ಒಂದು ರಿಬ್ಬನ್ನನ್ನೂ ಜೋಡಿಸಿ ಮನೆಯಲ್ಲೇ ಒಂದು ಎದೆಯುಡುಪು ಮಾಡಿಕೊಂಡಳು. 1914ರಲ್ಲಿ ಅದಕ್ಕೆ ಪೇಟೆಂಟೂ ದೊರೆಯಿತು. ಮಿನ್ಸ್ಕ್ ಬಳಿಯಿಂದ ಅಮೆರಿಕಕ್ಕೆ ವಲಸೆ ಬಂದು ಹೊಲಿಗೆಯಿಂದ ಹೊಟ್ಟೆ ಹೊರೆದ ಐಡಾ ರೋಸೆಂಥಾಲ್, ತಮ್ಮ ಅಂಗಡಿಯಲ್ಲಿ ಹೊಲಿದ ಗೌನುಗಳು ಗಿರಾಕಿಗಳ ಮೈಗೆ ಚೆನ್ನಾಗಿ ಕೂರಲೆಂದು ಗಂಡ ಹಾಗೂ ಜೊತೆಗಾತಿಯೊಡನೆ ಎರಡು ಬಟ್ಟಲುಗಳ ಒಳಉಡುಪನ್ನು ರೂಪಿಸಿದರು. 1922ರಲ್ಲಿ ಅದರಿಂದಲೇ ಮೇಡನ್‌ಫಾರ್ಮ್ ಕಂಪನಿ ಹುಟ್ಟಿತು. ನಮ್ಮ ಈ ಊರಿನಲ್ಲೂ ಆ ಪರಂಪರೆ ಇದೆ: ತ್ಯಾಗರಾಯನಗರದ ಪಾಂಡಿ ಬಜಾರಿನಲ್ಲಿ 1939ರಲ್ಲಿ ಆರಂಭವಾದ ನಾಯ್ಡು ಹಾಲ್ ಹೆಸರಾದದ್ದೇ ಹೆಂಗಸರ ಒಳಉಡುಪಿನಿಂದ. ಎಲ್ಲ ಕಡೆಯೂ ಆರಂಭ ಒಂದೇ ಬಗೆಯದು: ಒಂದು ಮೈ, ಒಂದು ಟೇಪು, ಒಂದು ಸೂಜಿ.

ಕನ್ನಡ ಹೆಣ್ಣುಮಕ್ಕಳ ಕೈಗೆ ಈ ಕಲೆ ಬಾರದೆಂದು ಯಾರೂ ಹೇಳುವಂತಿಲ್ಲ. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಲಕ್ಷಾಂತರ ಹೆಂಗಸರು ಜಗತ್ತಿಗೆಲ್ಲ ಬಟ್ಟೆ ಹೊಲಿಯುತ್ತಿದ್ದಾರೆ. 2016ರ ಏಪ್ರಿಲಿನಲ್ಲಿ ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಅವರೇ ಬೀದಿಗಿಳಿದು, ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯುವಂತೆ ಮಾಡಿದರು. ಆದರೆ ಕಾರ್ಖಾನೆಯಲ್ಲಿ ಒಬ್ಬಳು ದಿನವೆಲ್ಲ ಕಾಲರನ್ನೇ ಹೊಲಿಯುತ್ತಾಳೆ, ಇನ್ನೊಬ್ಬಳು ಪಟ್ಟಿಯನ್ನೇ ಹೊಲಿಯುತ್ತಾಳೆ. ಇಡೀ ಉಡುಪಿನ ನಕ್ಷೆ ಹೊಲಿಯುವವಳ ಕೈಯಲ್ಲಿರುವುದಿಲ್ಲ. ಹೊಲಿಗೆ ಹೆಣ್ಣಿನದು, ಅಳತೆ ಮತ್ತೊಬ್ಬರದು. ಮನೆಯ ಹೊಲಿಗೆಯಲ್ಲಿ ಎರಡೂ ಒಂದೇ ಕೈಗೆ ಸೇರುತ್ತವೆ.

ಇನ್ನು ಚೆನ್ನೈನ ಹವೆಯ ಮಾತು. ಮಲೆನಾಡಿನಿಂದಲೋ ಮೈಸೂರಿನಿಂದಲೋ ಮದುವೆಯಾಗಿ ಮಾಂಬಲಕ್ಕೆ ಬಂದ ಹುಡುಗಿಗೆ ಮೊದಲ ಮೇ ತಿಂಗಳಲ್ಲೇ ತಿಳಿಯುತ್ತದೆ, ಇಲ್ಲಿ ಬೆವರು ಒಣಗುವುದಿಲ್ಲ ಎಂದು. ಅಗ್ನಿನಕ್ಷತ್ರದ ದಿನಗಳನ್ನು ತಮಿಳರು ‘ಕತ್ತರಿ ವೆಯಿಲ್’ ಎನ್ನುತ್ತಾರೆ. ಆ ಕತ್ತರಿ ಬಿಸಿಲಿನಲ್ಲಿ, ಹೊಳಪಿಗಾಗಿ ನೈಲಾನು ಸೇರಿಸಿದ, ಸ್ಪಂಜು ತುಂಬಿದ, ತಂತಿ ಕೂರಿಸಿದ ಉಡುಪು ತೊಟ್ಟರೆ ಬೆವರುಗುಳ್ಳೆ ಏಳದೆ ಇನ್ನೇನಾದೀತು? ಬಿಗಿ ಎಲಾಸ್ಟಿಕ್ಕಿನ ಕೆಳಗೆ ತೇವ ನಿಂತಲ್ಲಿ ಹುಳುಕಡ್ಡಿ ಹರಡುತ್ತದೆ. ಇತ್ತೀಚಿನ ವರ್ಷಗಳಲ್ಲಿ ಮದ್ದಿಗೆ ಸುಲಭವಾಗಿ ಬಗ್ಗದ ಹುಳುಕಡ್ಡಿ ನಮ್ಮ ದೇಶದಲ್ಲಿ ಹೆಚ್ಚಿದೆ. ಅದಕ್ಕೆ ಕಾರಣವಾದ ಶಿಲೀಂಧ್ರಕ್ಕೆ 2020ರಲ್ಲಿ ವಿಜ್ಞಾನಿಗಳು ‘ಟ್ರೈಕೊಫೈಟನ್ ಇಂಡೊಟಿನಿಯೆ’ ಎಂದು ಹೆಸರಿಟ್ಟರು. ವೈದ್ಯರಿಗೆ ತೋರಿಸಲು ನಾಚಿ, ಔಷಧದ ಅಂಗಡಿಯಿಂದ ಯಾವುದೋ ಸ್ಟೆರಾಯ್ಡ್ ಮುಲಾಮು ತಂದು ಹಚ್ಚಿ ಅದನ್ನು ಹೆಚ್ಚಿಸಿಕೊಳ್ಳುವವರು ಬೇರೆ. ಇದಕ್ಕೆ ಕಿರೀಟವಿಟ್ಟಂತೆ, ಒಗೆದ ಒಳಉಡುಪನ್ನು ತಾರಸಿಯ ತಂತಿಯ ಮೇಲೆ ಟವೆಲಿನ ಕೆಳಗೋ ಸೀರೆಯ ಮಡಿಕೆಯೊಳಗೋ ಬಚ್ಚಿಟ್ಟು ಒಣಗಿಸುತ್ತೇವೆ. ಊರಿಗೆಲ್ಲ ಸಾಲದೆ ಉಳಿಯುವಷ್ಟು ಬಿಸಿಲಿರುವ ಈ ನಗರದಲ್ಲಿ, ಬಿಸಿಲು ಬೇಕೇ ಬೇಕಾದ ಬಟ್ಟೆಗೆ ಮಾತ್ರ ಬಿಸಿಲಿಲ್ಲ! ಕತ್ತರಿ ಬಿಸಿಲಿಗೆ ನಮ್ಮ ಮನೆಯ ಕತ್ತರಿಯೇ ಮದ್ದು: ಶುದ್ಧ ಹತ್ತಿ, ಅಗಲವಾದ ಪಟ್ಟಿ, ಬೇಕಾದಷ್ಟೇ ಬಿಗಿ.

"ಮಾಡುವುದು ಹೇಗೆ?" ಎನ್ನುವವರಿಗೆ ಹೇಳುತ್ತೇವೆ. ಬ್ರಾಗೆ ಬೇಕಾದ ಮುಖ್ಯ ಅಳತೆಗಳು ಎರಡೇ. ಎದೆಯ ಕೆಳಗೆ ಪಕ್ಕೆಲುಬಿನ ಸುತ್ತ ಒಂದು, ಎದೆಯ ತುಂಬಿದ ಭಾಗದ ಸುತ್ತ ಇನ್ನೊಂದು. ಮೊದಲನೆಯದು ಪಟ್ಟಿಯ ಅಳತೆ. ಎರಡಕ್ಕೂ ಇರುವ ವ್ಯತ್ಯಾಸ ಬಟ್ಟಲಿನ ಅಳತೆ. ವ್ಯತ್ಯಾಸ ಒಂದು ಅಂಗುಲವಾದರೆ ಸುಮಾರಾಗಿ ಎ, ಎರಡಾದರೆ ಬಿ, ಮೂರಾದರೆ ಸಿ, ನಾಲ್ಕಾದರೆ ಡಿ. 32-ಸಿ, 34-ಬಿ, 36-ಎ ಈ ಮೂರರಲ್ಲೂ ಬಟ್ಟಲಿನ ಗಾತ್ರ ಹೆಚ್ಚು ಕಡಿಮೆ ಒಂದೇ, ಪಟ್ಟಿ ಮಾತ್ರ ಬೇರೆ. ಭಾರ ಹೊರಬೇಕಾದದ್ದು ಸುತ್ತಲಿನ ಪಟ್ಟಿ, ಭುಜದ ಪಟ್ಟಿಯಲ್ಲ. ಬೆನ್ನಿನ ಪಟ್ಟಿ ಮೇಲಕ್ಕೆ ಸರಿದು ಭುಜದಲ್ಲಿ ಗುಳಿ ಬಿದ್ದಿದ್ದರೆ ಪಟ್ಟಿ ಸಡಿಲವಾಗಿದೆ ಎಂದು ಅರ್ಥ. ಇಷ್ಟನ್ನು ಹೇಳಿಕೊಡದೆ ನಮ್ಮ ಹುಡುಗಿಯರನ್ನು ಅಂಗಡಿಗೆ ಅಟ್ಟುತ್ತೇವಲ್ಲ, ಅಲ್ಲಿ ಗಲ್ಲಾದ ಈಚೆ ನಿಂತವರು ಒಮ್ಮೆ ಕಣ್ಣಾಡಿಸಿ "ಮೂವತ್ತಾರು" ಎಂದರೆ ಅದೇ ವೇದವಾಕ್ಯ.

ಮುತ್ತುಗದ ಎಲೆಯಿಂದ ದೊನ್ನೆ ಮಾಡುವುದನ್ನು ಬಲ್ಲವರಿಗೆ ಬಟ್ಟಲಿನ ಗುಟ್ಟನ್ನು ಬೇರೆ ಹೇಳಬೇಕಾಗಿಲ್ಲ. ಚಪ್ಪಟೆ ಎಲೆ ಮಡಿಕೆಯಿಂದ ದೊನ್ನೆಯಾಗುತ್ತದೆ. ಚಪ್ಪಟೆ ಬಟ್ಟೆ ಟಕ್ಕಿನಿಂದಲೋ ಬಾಗಿದ ಹೊಲಿಗೆಯಿಂದಲೋ ಬಟ್ಟಲಾಗುತ್ತದೆ. ಮೊದಲು ಸರಿಯಾಗಿ ಕೂರುವ ಹಳೆಯ ಉಡುಪೊಂದರ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿ, ತುಂಡುಗಳನ್ನು ಹಳೆಯ ಪತ್ರಿಕೆಯ ಮೇಲಿಟ್ಟು ಗೆರೆ ಎಳೆದುಕೊಳ್ಳಿ. ಹೊಲಿಗೆಗೆ ಅಂಚು ಬಿಟ್ಟು ಕತ್ತರಿಸಿಕೊಳ್ಳಿ. ಮೊದಲ ಪ್ರಯೋಗಕ್ಕೆ ಮನೆಯ ಹಳೆಯ ಪಂಚೆಗಿಂತ ಒಳ್ಳೆಯ ಬಟ್ಟೆಯಿಲ್ಲ. ಮೆತ್ತಗಿರುತ್ತದೆ, ಕೆಟ್ಟರೂ ನಷ್ಟವಿಲ್ಲ. ಅರಿಶಿನ ಕುಂಕುಮಕ್ಕೆ ಬಂದು ಬೀರುವಿನಲ್ಲಿ ವರ್ಷಗಟ್ಟಲೆ ಕೂತ, ಇಂದು ನಮ್ಮ ಮನೆ, ನಾಳೆ ಅವರ ಮನೆ ಎಂದು ಸುತ್ತುತ್ತಿರುವ ರವಿಕೆ ಕಣಗಳಲ್ಲಿ ನೂಲಿನವನ್ನು ಆರಿಸಿದರೆ ಅವೂ ಸಾರ್ಥಕವಾದಾವು. ನೇಯ್ದ ಹತ್ತಿಬಟ್ಟೆಯನ್ನು ಓರೆಯಾಗಿ, ದರ್ಜಿಗಳ ಮಾತಿನಲ್ಲಿ ‘ಕ್ರಾಸ್’ ಆಗಿ, ಕತ್ತರಿಸಿದರೆ ತುಸು ಹಿಗ್ಗುವ ಗುಣ ಬರುತ್ತದೆ. ಹಳೆಯ ಕಾಲುಮೆಷಿನ್ನಿನಲ್ಲೂ ಧಾರಾಳವಾಗಿ ಹೊಲಿಯಬಹುದು. ತಿರುಪ್ಪೂರಿನ ಹೊಸೈರಿ ಬಟ್ಟೆಯಾದರೆ ತುದಿ ದುಂಡಗಿರುವ ಬಾಲ್‌ಪಾಯಿಂಟ್ ಸೂಜಿ ಹಾಕಬೇಕು. ಇಲ್ಲದಿದ್ದರೆ ಹೊಲಿಗೆ ಹಾರುತ್ತದೆ. ಜಿಗ್‌ಜಾಗ್ ಹೊಲಿಗೆಯಿರುವ ಮೆಷಿನ್ನಾದರೆ ಎಳೆದಾಗ ದಾರ ಹರಿಯುವುದಿಲ್ಲ. ಎಲಾಸ್ಟಿಕ್ಕನ್ನು ಬಟ್ಟೆಗಿಂತ ತುಸು ಗಿಡ್ಡವಾಗಿ ಕತ್ತರಿಸಿ, ಸಮನಾಗಿ ಹಿಗ್ಗಿಸುತ್ತ ಹೊಲಿಯಬೇಕು. ಅಗಲ ಪನ್ನದ ಒಂದು ಮೀಟರ್ ಹೊಸೈರಿಯಲ್ಲಿ ಮೂರು ನಾಲ್ಕು ಚಡ್ಡಿಗಳಾಗುತ್ತವೆ. ಬಟ್ಟೆಗೆ ಪ್ಯಾರಿಸ್ಸಿಗೆ ಹೋಗಬೇಕಾಗಿಲ್ಲ. ಪ್ಯಾರೀಸ್ ಕಾರ್ನರಿನ ಹತ್ತಿರದ ಗೋಡೌನ್ ಸ್ಟ್ರೀಟಿಗೆ ಹೋದರೆ ಸಾಕು.

ಇಷ್ಟು ಹೊತ್ತು ತಲೆಯಾಡಿಸುತ್ತಿದ್ದವರೂ ಈಜುಡುಪಿನ ಹೆಸರೆತ್ತಿದೊಡನೆ ಪುಟ ತಿರುಗಿಸಬಹುದು. ದಯವಿಟ್ಟು ತಿರುಗಿಸಬೇಡಿ, ನಮ್ಮ ವಾದದ ತಿರುಳು ಅಲ್ಲೇ ಇದೆ. ಎಂಟು ಒಂಬತ್ತು ವರ್ಷದವರೆಗೆ ತಮ್ಮಂದಿರೊಡನೆ ಕೊಳದಲ್ಲಿ ಮೀನಿನಂತೆ ಈಜಾಡುವ ನಮ್ಮ ಹುಡುಗಿಯರು ಹನ್ನೆರಡು ತುಂಬುವ ಹೊತ್ತಿಗೆ ದಡಕ್ಕೆ ಬಂದು ಕೂರುತ್ತಾರೆ. ಏಕೆಂದು ಕೇಳಿದರೆ ನೀರಿನ ಭಯವೆನ್ನುವುದಿಲ್ಲ. ಉಡುಪಿನ ಸಂಕೋಚ ಎನ್ನುತ್ತಾರೆ. ಅಂಗಡಿಯಲ್ಲಿ ಸಿಗುವುದು ಒಂದೋ ತೀರ ಬಿಗಿ, ಇಲ್ಲವೇ ತೀರ ಗಿಡ್ಡ, ಇಲ್ಲವೇ ನೀರಿಗಿಳಿದರೆ ಬಲೂನಿನಂತೆ ಉಬ್ಬುವಂಥದು. ಒಂದು ಮೀಟರ್ ಬಟ್ಟೆಯ ದೋಷಕ್ಕಾಗಿ ಜೀವ ಉಳಿಸಬಲ್ಲ ಒಂದು ವಿದ್ಯೆ ಅರ್ಧಕ್ಕೇ ನಿಲ್ಲುತ್ತದೆ. ಕಡಲ ದಂಡೆಯಲ್ಲಿ ಬಾಳುವ ನಾವು, 2015ರ ಡಿಸೆಂಬರಿನ ನೆರೆಯನ್ನು ಕಂಡ ನಾವು, ಇದನ್ನು ಹಗುರವಾಗಿ ಕಾಣಬಹುದೆ? 1959ರಲ್ಲಿ ಇಂಗ್ಲಿಷ್ ಕಡಲ್ಗಾಲುವೆ ಈಜಿದ ಮೊದಲ ಏಷ್ಯಾದ ಮಹಿಳೆ ಆರತಿ ಸಹಾ ನಮ್ಮ ದೇಶದವರು. 2000ರ ಸಿಡ್ನಿ ಒಲಿಂಪಿಕ್ಸಿನಲ್ಲಿ ಈಜಿದ ಬೆಂಗಳೂರಿನ ನಿಶಾ ಮಿಲ್ಲೆಟ್, ಚಿಕ್ಕಂದಿನಲ್ಲಿ ಮುಳುಗುವುದರಿಂದ ಪಾರಾದವರು. ಆ ಬಳಿಕ ತಂದೆಯ ಒತ್ತಾಸೆಯಿಂದ ಈಜು ಕಲಿತದ್ದು ಇದೇ ಊರಿನ ಶೆಣೈ ನಗರದಲ್ಲಿ. 1995ರ ಸ್ಯಾಫ್ ಕ್ರೀಡೆಗಳಿಗಾಗಿ ಕಟ್ಟಿದ ವೇಳಚೇರಿಯ ಈಜುಕೊಳವೂ ಇಲ್ಲೇ ಇದೆ. ಕೊಳವಿದೆ, ಮಾದರಿಯಿದೆ, ಇಲ್ಲದ್ದು ಹುಡುಗಿಗೆ ಒಪ್ಪುವ ಒಂದು ಉಡುಪು.

"ಮರ್ಯಾದೆ" ಎನ್ನುವವರಿಗೆ ಒಂದು ಮಾತು. 1922ರಲ್ಲಿ ವಾಷಿಂಗ್ಟನ್ ನಗರದ ಸ್ನಾನದ ದಂಡೆಯಲ್ಲಿ ತೆಗೆದ ಒಂದು ಪ್ರಸಿದ್ಧ ಛಾಯಾಚಿತ್ರವಿದೆ: ಅಧಿಕಾರಿಯೊಬ್ಬ ಮಂಡಿಯೂರಿ, ಹೆಂಗಸಿನ ಈಜುಡುಪು ಮೊಣಕಾಲಿಗಿಂತ ಎಷ್ಟು ಅಂಗುಲ ಮೇಲಿದೆ ಎಂದು ಟೇಪು ಹಿಡಿದು ಅಳೆಯುತ್ತಿದ್ದಾನೆ. ಹೆಚ್ಚು ಕಡಿಮೆ ನೂರು ವರ್ಷ ಕಳೆದು 2016ರಲ್ಲಿ, ಫ್ರಾನ್ಸಿನ ಕಡಲತೀರದ ಹಲವು ಊರುಗಳು ಮೈತುಂಬ ಮುಚ್ಚುವ ಬುರ್ಕಿನಿಯನ್ನು ನಿಷೇಧಿಸಿದವು. ಆ ಆಗಸ್ಟಿನಲ್ಲೇ ಅಲ್ಲಿಯ ಉನ್ನತ ಆಡಳಿತ ನ್ಯಾಯಾಲಯ ಅಂಥದೊಂದು ನಿಷೇಧಕ್ಕೆ ತಡೆ ನೀಡಬೇಕಾಯಿತು. ಕಡಿಮೆ ತೊಟ್ಟರೂ ಪೊಲೀಸು, ಹೆಚ್ಚು ತೊಟ್ಟರೂ ಪೊಲೀಸು! ಆ ಬುರ್ಕಿನಿಯನ್ನು 2004ರ ಸುಮಾರಿಗೆ ರೂಪಿಸಿದವರು ಲೆಬನಾನಿನಿಂದ ಆಸ್ಟ್ರೇಲಿಯಕ್ಕೆ ವಲಸೆ ಹೋದ ಕುಟುಂಬದ ಅಹೆದಾ ಝನೆಟ್ಟಿ. ದೊಗಲೆ ಬಟ್ಟೆಯಲ್ಲಿ ಆಡಲು ಪರದಾಡುತ್ತಿದ್ದ ಅಕ್ಕನ ಮಗಳನ್ನು ಕಂಡು ಅವರಿಗೆ ಈ ಯೋಚನೆ ಬಂತು. ತೋಳು ಮುಚ್ಚಬೇಕೋ ಬಿಡಬೇಕೋ, ತೊಡೆ ಎಷ್ಟು ಮುಚ್ಚಬೇಕೋ, ಅದನ್ನು ಪುರಸಭೆಯೂ ನಿಶ್ಚಯಿಸಬಾರದು, ಕಂಪನಿಯೂ ನಿಶ್ಚಯಿಸಬಾರದು, ಸಂಘದ ಹಿರಿಯರೂ ನಿಶ್ಚಯಿಸಬಾರದು. ನೀರಿಗಿಳಿಯುವವಳು ನಿಶ್ಚಯಿಸಲಿ. ಮನೆಯಲ್ಲಿ ಹೊಲಿದರೆ ಅದು ಅವಳಿಗೆ ಸಾಧ್ಯ. ಇನ್ನೂ ಅನುಮಾನವಿದ್ದರೆ ತಿಳಿಯಿರಿ: 2010ರಿಂದ ಅಂತರರಾಷ್ಟ್ರೀಯ ಸ್ಪರ್ಧೆಯ ನಿಯಮವೇ ಹೆಂಗಸರಿಗೆ ಭುಜದಿಂದ ಮೊಣಕಾಲಿನವರೆಗಿನ ಉಡುಪಿಗೆ ಅವಕಾಶ ಕೊಟ್ಟಿದೆ.

ಈಜುಡುಪಿಗೆ ಹತ್ತಿ ಮಾತ್ರ ಬೇಡ. ಅದು ನೀರು ಕುಡಿದು ಭಾರವಾಗಿ ಜೋಲುತ್ತದೆ. ಉದ್ದಕ್ಕೂ ಅಡ್ಡಕ್ಕೂ ಹಿಗ್ಗುವ, ಸ್ಪಾಂಡೆಕ್ಸ್ ಬೆರೆತ ಪಾಲಿಯೆಸ್ಟರ್ ಅಥವಾ ನೈಲಾನ್ ಬಟ್ಟೆ ಬೇಕು. ಕೊಳದ ಕ್ಲೋರಿನ್ನಿಗೆ ಪಾಲಿಯೆಸ್ಟರೇ ಹೆಚ್ಚು ತಾಳುತ್ತದೆ. ಮುಂಭಾಗಕ್ಕೆ ಒಳಪದರ ಕೊಡಬೇಕು. ದಾರವೂ ಪಾಲಿಯೆಸ್ಟರಿನದೇ ಇರಲಿ. ಹೊಲಿದ ಮೇಲೆ ಮನೆಯಲ್ಲೇ ತೊಟ್ಟು, ಕೈಯೆತ್ತಿ, ಬಗ್ಗಿ, ಬಚ್ಚಲಲ್ಲಿ ನೆನೆಸಿ ನೋಡಿ, ಜಾರದಿದ್ದರೆ ಕೊಳಕ್ಕೆ ಹೋಗಿ. ಬಂದೊಡನೆ ಸಿಹಿನೀರಿನಲ್ಲಿ ಜಾಲಿಸಿ ನೆರಳಲ್ಲಿ ಒಣಗಿಸಿ.

ಇನ್ನೊಂದು ಸಂಗತಿ ಇದೆ. ಇದರಲ್ಲಿ ವಿನೋದಕ್ಕೆ ಎಡೆಯಿಲ್ಲ. ಚೆನ್ನೈನ ಹೆಂಗಸರಲ್ಲಿ ಇಂದು ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್ ಸ್ತನದ್ದು. ಡಾ. ಮುತ್ತುಲಕ್ಷ್ಮಿ ರೆಡ್ಡಿಯವರು 1954ರಲ್ಲಿ ಅಡಯಾರಿನಲ್ಲಿ ಆರಂಭಿಸಿದ ಕ್ಯಾನ್ಸರ್ ಆಸ್ಪತ್ರೆಗೆ ಕರ್ನಾಟಕದಿಂದಲೂ ಜನ ಬರುತ್ತಾರೆ. ಅವರಲ್ಲಿ ಕೆಲವರು ನಮ್ಮ ಮನೆಗಳಲ್ಲೇ ಇಳಿದುಕೊಳ್ಳುತ್ತಾರೆ. ಶಸ್ತ್ರಚಿಕಿತ್ಸೆಯಾಗಿ ಒಂದು ಸ್ತನ ಕಳೆದುಕೊಂಡ ಹೆಂಗಸಿಗೆ ಅಂಗಡಿಯ ಯಾವ ಅಂಕಿಯೂ ಹೊಂದುವುದಿಲ್ಲ. ಅವಳಿಗೆ ಬೇಕಾದದ್ದು ತಂತಿಯಿಲ್ಲದ, ಮುಂದೆ ಕೊಕ್ಕೆಯಿರುವ, ಒಳಗೆ ಮೆತ್ತನೆಯ ದಿಂಬು ಕೂರಿಸಲು ಹತ್ತಿಯ ಜೇಬಿರುವ, ಗಾಯದ ಗುರುತನ್ನು ಒತ್ತದ ಒಂದು ಉಡುಪು. ವಿಶೇಷವಾಗಿ ತಯಾರಿಸಿದ್ದು ಸಿಗುತ್ತದೆ, ಬೆಲೆ ಹೆಚ್ಚು. ಹೊಲಿಗೆ ಬಲ್ಲ ಓರಗಿತ್ತಿಯೋ ತಂಗಿಯೋ, ವೈದ್ಯರನ್ನು ಕೇಳಿಕೊಂಡು, ಒಂದು ಮಧ್ಯಾಹ್ನದಲ್ಲಿ ಅದನ್ನು ಮಾಡಿಕೊಡಬಲ್ಲಳು. ಹಣ್ಣುಹಂಪಲು ಹಿಡಿದು ನೋಡಲು ಹೋಗುವುದಕ್ಕಿಂತ ಅದು ದೊಡ್ಡ ಉಪಕಾರವಲ್ಲವೆ?

ಈಗ ಆಕ್ಷೇಪಣೆಗಳಿಗೆ ಬರೋಣ. "ರಂಗನಾಥನ್ ಬೀದಿಯಲ್ಲಿ ರಾಶಿ ಹಾಕಿ ಅಗ್ಗಕ್ಕೆ ಮಾರುತ್ತಾರೆ, ಈ ತಾಪತ್ರಯವೇಕೆ?" ಎನ್ನುತ್ತಾರೆ. ಮೂರೇ ತಿಂಗಳಿಗೆ ಎಲಾಸ್ಟಿಕ್ ಜೋತು ಬೀಳುವುದು, ವರ್ಷವಿಡೀ ಮುಲಾಮು ಕೊಳ್ಳುವುದು, ಇವುಗಳ ಲೆಕ್ಕವನ್ನೂ ಸೇರಿಸಿ ಅಗ್ಗವೋ ಅಲ್ಲವೋ ನೋಡಿ. ಎರಡನೆಯ ಆಕ್ಷೇಪಣೆ ಗಂಭೀರವಾದದ್ದು, ಅದನ್ನು ಎತ್ತಿದವರು ನಮ್ಮ ಕೆಲಸಕ್ಕೆ ಹೋಗುವ ಸೋದರಿಯರೇ: "ಅಡುಗೆ, ಆಫೀಸು, ಮಕ್ಕಳ ಪಾಠ ಸಾಲದೆಂದು ಹೊಲಿಗೆಯನ್ನೂ ನಮ್ಮ ತಲೆಗೆ ಕಟ್ಟುತ್ತೀರಾ?" ಅವರ ಸಿಟ್ಟು ನ್ಯಾಯವಾದದ್ದು. ಎಲ್ಲರೂ ಎಲ್ಲವನ್ನೂ ಮನೆಯಲ್ಲೇ ಹೊಲಿಯಬೇಕೆಂದು ನಾವು ಕಟ್ಟಳೆ ಮಾಡುತ್ತಿಲ್ಲ. ಅಡುಗೆ ಬಲ್ಲವನನ್ನು ಹೋಟೆಲಿನವನು ಮೋಸಗೊಳಿಸಲಾರ. ಹಾಗೆಯೇ ಒಮ್ಮೆ ಅಳೆದು ಹೊಲಿದವಳು ಆಮೇಲೆ ಅಂಗಡಿಯಿಂದ ಕೊಂಡರೂ ಕಣ್ಣು ಬಿಟ್ಟು ಕೊಳ್ಳುತ್ತಾಳೆ. ಅಲ್ಲದೆ ಈ ವಿದ್ಯೆ ಹೆಣ್ಣುಮಕ್ಕಳಿಗಷ್ಟೇ ಏಕೆ? ಗಂಡುಮಕ್ಕಳ ಚಡ್ಡಿಯೂ ಬಟ್ಟೆಯಿಂದಲೇ ಆದದ್ದು. ಕತ್ತರಿ ಹಿಡಿದರೆ ಅವರ ಕೈ ಸವೆಯುವುದಿಲ್ಲ.

ಮೂರನೆಯದು ನಾಚಿಕೆ. ಇದು ಕನ್ನಡಕ್ಕೂ ಸಂಬಂಧಿಸಿದ ಮಾತಾದ್ದರಿಂದ ಸ್ವಲ್ಪ ನಿಂತು ಯೋಚಿಸಬೇಕು. ನಮ್ಮ ಮನೆಗಳಲ್ಲಿ ಈ ಬಟ್ಟೆಗಳಿಗೆ ಹೆಸರೇನು? "ಅದು". "ಅದನ್ನ ತಗೊಂಡ್ಯಾ?", "ಅದನ್ನ ಒಳಗೆ ಒಣಗಿಸು". ಚೆನ್ನೈನಲ್ಲಿ ಬೆಳೆದ ನಮ್ಮ ಮಗಳು ಶಾಲೆಯಲ್ಲಿ ಇಂಗ್ಲಿಷಿನ ಹೆಸರು ಕಲಿಯುತ್ತಾಳೆ, ಬೀದಿಯಲ್ಲಿ ತಮಿಳಿನ ಹೆಸರು ಕಲಿಯುತ್ತಾಳೆ, ಮನೆಯಲ್ಲಿ ಕನ್ನಡದ ಮೌನ ಕಲಿಯುತ್ತಾಳೆ. ಎದೆಯಲ್ಲಿ ಗಂಟೊಂದು ಕೈಗೆ ಸಿಕ್ಕಿದರೆ, ತೊಡೆಯಲ್ಲಿ ತುರಿಕೆ ಹತ್ತಿದರೆ, ಅವಳು ಅಮ್ಮನಿಗೆ ಯಾವ ಭಾಷೆಯಲ್ಲಿ ಹೇಳಬೇಕು? ರಾಜ್ಯೋತ್ಸವದ ದಿನ ಬಾವುಟ ಹಾರಿಸಿ, "ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುವುದಿಲ್ಲ" ಎಂದು ಭಾಷಣ ಮಾಡುತ್ತೇವೆ. ಮೈಗೆ ಹತ್ತಿರವಾದ ಮಾತುಗಳನ್ನು ನಾವೇ ನುಡಿಯದೆ ಹೋದರೆ, ದೂರದ ಮಾತುಗಳಿಗೆ ಮಾತ್ರ ಅವರು ಕನ್ನಡವನ್ನು ಏಕೆ ಉಳಿಸಿಕೊಂಡಾರು? ಕುಪ್ಪಸ, ಬಟ್ಟಲು, ಪಟ್ಟಿ, ಕೊಕ್ಕೆ, ಲಾಡಿ, ಓರೆ, ಅಂಚು: ಮಾತುಗಳು ನಮ್ಮಲ್ಲಿವೆ. ತಾಯಿ ಮಗಳು ಒಂದು ಟೇಪಿನ ಎರಡು ತುದಿ ಹಿಡಿದು ನಿಂತರೆ ಅವು ತಾವಾಗಿ ಬಾಯಿಗೆ ಬರುತ್ತವೆ.

ಆದ್ದರಿಂದ ಸಂಘದ ಕಾರ್ಯಕಾರಿ ಸಮಿತಿಯ ಮುಂದೆ ನಮ್ಮ ಬೇಡಿಕೆಗಳನ್ನು ಇಡುತ್ತಿದ್ದೇವೆ. ತಿಂಗಳಿಗೆ ಒಂದು ಶನಿವಾರ ಸಭಾಂಗಣದ ಹಿಂದಿನ ಕೋಣೆಯನ್ನು ಹೊಲಿಗೆಗೆ ಬಿಟ್ಟುಕೊಡಿ. ಅನೇಕ ಮನೆಗಳಲ್ಲಿ ಮುಸುಕು ಹೊದ್ದು ಹೂದಾನಿ ಹೊತ್ತು ಕೂತಿರುವ ಮೆಷಿನ್ನುಗಳಲ್ಲಿ ಎರಡನ್ನು ದಾನವಾಗಿ ಪಡೆದು, ಎಣ್ಣೆ ಬಿಟ್ಟು ಅಲ್ಲಿಡಿ. ಜಿಗ್‌ಜಾಗ್ ಹೊಲಿಗೆಯ ಒಂದು ಮೆಷಿನ್ನನ್ನು ಸಂಘದ ಹಣದಿಂದ ಕೊಳ್ಳಿ. ವಾರ್ಷಿಕೋತ್ಸವದ ಹಾರತುರಾಯಿಗಳಲ್ಲಿ ಒಂದಿಷ್ಟು ಉಳಿಸಿದರೆ ಅದಕ್ಕೆ ದಾರಿಯಾಗುತ್ತದೆ. ಕಲಿಸಬಲ್ಲ ಹಿರಿಯರು ನಮ್ಮಲ್ಲೇ ಇದ್ದಾರೆ. ಅವರಿಗೆ ಗೌರವಧನ ಕೊಡಿ, ಬಿಟ್ಟಿ ದುಡಿಸಬೇಡಿ. ಪಾಠ ಕನ್ನಡದಲ್ಲೇ ನಡೆಯಲಿ. ಬೇಸಿಗೆ ರಜೆಗೆ ಮುಂಚೆ ಹುಡುಗಿಯರಿಗೆ ಈಜುಡುಪಿನ ಪಾಠ ಮುಗಿಯಲಿ. ರಜೆ ಬಂದೊಡನೆ ಅವರನ್ನೆಲ್ಲ ಒಟ್ಟಾಗಿ ಕೊಳಕ್ಕೆ ಕರೆದೊಯ್ಯುವ ಏರ್ಪಾಡಾಗಲಿ.

ಒಪ್ಪುವವರು ಮುಂದಿನ ಮಹಿಳಾ ವಿಭಾಗದ ಸಭೆಗೆ ಬನ್ನಿ. ಒಪ್ಪದವರೂ ಬಂದು ವಾದಿಸಿ. ಯಾರೇ ಬಂದರೂ ಕೈಯಲ್ಲೊಂದು ಅಳತೆಯ ಟೇಪು ತನ್ನಿ.